ಹಬ್ಬದ ಧ್ಯಾನವನ್ನು ಹಿಂದಿನ ರಾತ್ರಿಯೇ ಮಾಡಿರಿ
ಆಗಸ್ಟ್ 15ರ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬವನ್ನು ಮನೆಮಂದಿಯೆಲ್ಲ ಕೂಡಿ ಧ್ಯಾನಿಸಬೇಕೆನ್ನುವವರು 14ರ ರಾತ್ರಿ, ಜೋಳದ ರೊಟ್ಟಿ ಬಡಿಸುವ ಮೊದಲು, ದೇವರ ವಾಕ್ಯವನ್ನು ಕೇಳಿ ಪಾಲಿಸುವವರೇ ಧನ್ಯರು ಎನ್ನುವ ಲೂಕನ ಶುಭಸಂದೇಶದ 11ನೇ ಅಧ್ಯಾಯದ 27 ಮತ್ತು 28ನೇ ವಚನಗಳನ್ನು ಮನೆಯ ಕಿರಿಯರಿಂದ ಓದಿಸಿ, ಈ ವಾರ ಕೇಳಿದ ದೇವರ ವಾಕ್ಯದಲ್ಲಿ ಯಾವುದನ್ನು ಪಾಲಿಸಿದೆವು ಎಂದು ಒಬ್ಬೊಬ್ಬರೂ ಒಂದೇ ಮಾತಿನಲ್ಲಿ ಹೇಳಿರಿ. ಹಬ್ಬದ ಬೆಳಿಗ್ಗೆ ಮಕ್ಕಳಿಗೆ ಶಾಲೆಯ ಧ್ವಜಾರೋಹಣ, ದೊಡ್ಡವರಿಗೆ ಚರ್ಚಿನ ಬಲಿಪೂಜೆಯ ಜೊತೆಗೆ ಹೋಳಿಗೆಯ ಹೂರಣದ ಗಡಿಬಿಡಿ ಇರುವುದರಿಂದ ಕಲಬುರಗಿಯ ನಮ್ಮ ಮನೆಗಳಲ್ಲಿ ಯಾರೂ ಒಂದೆಡೆ ಕೂಡುವುದಿಲ್ಲ. ಹಿಂದಿನ ರಾತ್ರಿಯೇ ಧ್ಯಾನಿಸುವುದು ಅವಸರದ ಆಚರಣೆಯೂ ಅಲ್ಲ. ಕಥೋಲಿಕ ಧರ್ಮಸಭೆಯ ಲೆಕ್ಕದಲ್ಲಿ ಇಂಥ ಮಹೋತ್ಸವವು ಹಿಂದಿನ ಸಂಜೆಯೇ ಆರಂಭವಾಗುತ್ತದೆ, ಮತ್ತು ಈ ಎರಡು ವಚನಗಳೇ ಅಂದಿನ ಜಾಗರಣೆ ಪೂಜೆಯ, ಅಂದರೆ ಹಬ್ಬದ ಹಿಂದಿನ ಸಂಜೆಯ ಬಲಿಪೂಜೆಯ, ಶುಭಸಂದೇಶ. ಮರುದಿನದ ಪಾಠವಾದ ಲೂಕ 1:39-56 ದೀರ್ಘವಾದುದು, ಅದನ್ನು ಗುಡಿಯಲ್ಲಿ ಕೇಳಿದರೆ ಸಾಕು. ಜೂನ್ 24ರ ಸ್ನಾನಿಕ ಯೊವಾನ್ನರ ಹಬ್ಬಕ್ಕೂ 29ರ ಪೇತ್ರ ಪೌಲರ ಹಬ್ಬಕ್ಕೂ ಜಾಗರಣೆಯ ಪಾಠಗಳು ಬೇರೆಯಾಗಿಯೇ ಇರುವುದರಿಂದ ಅಲ್ಲೂ ಹೀಗೆಯೇ ಮಾಡಬಹುದು. ಸಂತರ ಸಾಮಾನ್ಯ ಸ್ಮರಣೆಗಳಿಗೆ ಜಾಗರಣೆ ಇಲ್ಲವಾದ್ದರಿಂದ ಅಲ್ಲಿ ಈ ಕ್ರಮ ಒಗ್ಗದು. ಕ್ರಿಸ್ಮಸ್‌ನ ಹಿಂದಿನ ಸಂಜೆಯ ಮತ್ತಾಯ 1ನೇ ಅಧ್ಯಾಯ ವಂಶಾವಳಿಯಿಂದಲೇ ತೊಡಗುವುದರಿಂದ, ಹಸಿದ ಮಕ್ಕಳ ಮುಂದೆ (ಹಸಿದ ದೊಡ್ಡವರ ಮುಂದೆಯೂ) ನೇರವಾಗಿ 18ನೇ ವಚನದಿಂದ ಓದುವುದು ಮೇಲು.