ಡೈರಿ ಕ್ಯೂನಲ್ಲಿ ಸಿಕ್ಕಿದ ಕಣ್ಣು ಡಾಕ್ಟರು

ದೊಡ್ಡಮ್ಮ ಒಂದು ಬೆಳಿಗ್ಗೆ ಹಾಲನ್ನ ತೂಕದ ಬಕೆಟ್‌ಗೆ ಸುರಿಯೋ ಬದಲು ಅದರ ಅಂಚಿಗೆ ಸುರಿದರು. ಅರ್ಧ ಲೀಟರ್ ಮೇಜಿನ ಮೇಲೆ. "ಬಕೆಟ್ ಯಾಕೋ ಈ ಕಡೆ ಇಟ್ಟಿದ್ದೀಯ?" ಅಂತ ನನ್ನನ್ನೇ ಬೈದರು. ಬಕೆಟ್ ಹದಿನೇಳು ವರ್ಷದಿಂದ ಅಲ್ಲೇ ಇದೆ. ನಾನು ಊರಿನ ಹಾಲಿನ ಡೈರಿಗೆ ಸೆಕ್ರೆಟರಿ ಆದಾಗಿಂದ.

ಬಲಗಣ್ಣಲ್ಲಿ ಪೂರ್ತಿ ಪೊರೆ. ಎಡಗಣ್ಣಲ್ಲಿ ಅರ್ಧ. ಬಿಪಿಎಲ್ ಕಾರ್ಡ್ ಇದೆ, ಆಧಾರ್ ಇದೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡೂ ಮಾಡಿಸಿದ್ದೆ. 5 ಲಕ್ಷದವರೆಗೆ ಖರ್ಚಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಆ ಕಾರ್ಡ್ ಕೊಟ್ಟರೆ ಕಣ್ಣು ಮುಟ್ಟೋ ಡಾಕ್ಟರು ಯಾರು ಅನ್ನೋದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅದನ್ನ ಹುಡುಕೋಕೆ ನನಗೆ ಐದು ತಿಂಗಳು ಹಿಡಿಯಿತು. ಈಗ ಒಂದು ವಾರದಲ್ಲಿ ಮಾಡ್ತೀನಿ. ಇಲ್ಲಿವರೆಗೆ ಒಂಬತ್ತು ಜನರಿಗೆ ಮಾಡಿಸಿದ್ದೀನಿ. "ಫ್ರೀ ಆಪರೇಷನ್ ಅಂದ್ರೆ ಇರೋ ಕಣ್ಣೂ ಹೋಗುತ್ತೆ" ಅಂತ ಅರಳಿಕಟ್ಟೆ ಮೇಲೆ ಕೂತು ಹೇಳಿದವರಲ್ಲಿ ಇಬ್ಬರು ಈ ಒಂಬತ್ತರಲ್ಲಿ ಇದ್ದಾರೆ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ ಹೇಳಿಬಿಡ್ತೀನಿ.

ಮೊದಲನೇ ಆಸ್ಪತ್ರೆ, ಖಾಸಗಿ. ಬಾಗಿಲಲ್ಲೇ ಯೋಜನೆಯ ಬೋರ್ಡ್. ಫೋನ್ ಮಾಡಿ ಕೇಳಿದೆ, "ಕಾರ್ಡ್ ತಗೋತೀರಾ?" "ತಗೋತೀವಿ, ಬನ್ನಿ ಸಾರ್." ಹೋದ್ವಿ. ಕಣ್ಣಿಗೆ ಡ್ರಾಪ್ಸ್ ಹಾಕಿದರು, ಲೆನ್ಸ್ ಪವರ್ ಅಳೆದರು, ರಕ್ತ ಪರೀಕ್ಷೆ, ಇಸಿಜಿ. ಸುಮಾರು 1,700 ರೂಪಾಯಿ ಕಟ್ಟಿಸಿಕೊಂಡ ಮೇಲೆ ಕೌಂಟರ್ ಹುಡುಗಿ ಹೇಳಿದಳು, ನಮ್ಮಲ್ಲಿ ಕಾರ್ಡ್ ಇರೋದು ಮೂಳೆಗೆ ಮತ್ತೆ ಜನರಲ್ ಸರ್ಜರಿಗೆ, ಕಣ್ಣಿಗೆ ಇಲ್ಲ ಅಂತ. ನಾನು ಕೇಳಿದ್ದು ಆಸ್ಪತ್ರೆ ಕಾರ್ಡ್ ತಗೊಳ್ಳುತ್ತಾ ಅಂತ. ಅವರು ನಿಜವನ್ನೇ ಹೇಳಿದ್ದರು! ಒಂದು ಆಸ್ಪತ್ರೆ ಯೋಜನೆಯಲ್ಲಿದೆ ಅಂದ್ರೆ ಅದರ ಎಲ್ಲ ವಿಭಾಗವೂ ಇದೆ ಅಂತಲ್ಲ. ಈ ಒಂದು ಮಾತಿಗೆ ನಾನು ಕೊಟ್ಟ ಬೆಲೆ 1,700.

ಎರಡನೇದು ಪಟ್ಟಿಯಲ್ಲಿ ಕಣ್ಣಿನ ವಿಭಾಗ ಅಂತಲೇ ಇತ್ತು. ಹೋದರೆ ಡಾಕ್ಟರು ಕೆಲಸ ಬಿಟ್ಟು ಎಂಟು ತಿಂಗಳಾಗಿತ್ತು. ಕುರ್ಚಿ ಇತ್ತು, ಅಕ್ಷರದ ಬೋರ್ಡ್ ಇತ್ತು.

ಮೂರನೇದೇ ನನಗೆ ಸಿಟ್ಟು ತರಿಸಿದ್ದು. ಕಾರ್ಡ್ ನಡೆಯುತ್ತೆ, ಆದರೆ "ಕಾರ್ಡಿನ ಲೆನ್ಸ್ ಅಷ್ಟು ಚೆನ್ನಾಗಿರಲ್ಲ, ಮೇಲೆ 12,000 ಕೊಟ್ರೆ ಒಳ್ಳೇದು ಹಾಕ್ತೀವಿ" ಅಂದ್ರು. ಯೋಜನೆಯಲ್ಲಿ ಮಾಡೋ ಆಪರೇಷನ್‌ಗೆ ಬಡವರ ಹತ್ತಿರ ದುಡ್ಡು ಕೇಳೋ ಹಾಗಿಲ್ಲ. ನಾನು ರಸೀದಿ ಕೊಡಿ, ಬರೆದುಕೊಡಿ ಅಂದೆ. ಬರೆದು ಕೊಡಲಿಲ್ಲ, ಆಪರೇಷನ್ ದಿನಾಂಕವನ್ನೂ ಕೊಡಲಿಲ್ಲ. ಅಲ್ಲಿಂದ ವಾಪಸ್. ಕಾರ್ಡ್ ಬಿಟ್ಟು ದುಡ್ಡು ಕೊಟ್ಟೇ ಮಾಡಿಸಿದ್ರೆ ಒಂದು ಕಣ್ಣಿಗೆ 28,000 ಅಂದಿದ್ದರು. ದೊಡ್ಡಮ್ಮನ ಎರಡು ಹಸುವಿನ ಬಟವಾಡೆ ಲೆಕ್ಕ ನನಗೆ ಗೊತ್ತು. ಮೇವು, ಹಿಂಡಿ ಕಳೆದು ಅಷ್ಟು ಉಳಿಯೋಕೆ ವರ್ಷ ಬೇಕು.

ನಡುವೆ ಒಂದು ಉಚಿತ ಶಿಬಿರಕ್ಕೂ ಕಳಿಸಿದ್ದೆ. ಶಿಬಿರ ಆದ್ರೆ ಕಾರ್ಡಿನ ರಗಳೆಯೇ ಇಲ್ಲ, ಬಸ್ಸಲ್ಲಿ ಕರಕೊಂಡು ಹೋಗಿ ವಾಪಸ್ ತಂದು ಬಿಡ್ತಾರೆ. ದೊಡ್ಡಮ್ಮನಿಗೆ ಶುಗರ್ 260 ಚಿಲ್ಲರೆ ಬಂತು. ವಾಪಸ್ ಕಳಿಸಿದರು. ಮುಂದಿನ ಶಿಬಿರ ಯಾವಾಗ ಅಂದ್ರೆ ಹೇಳುವವರಿಲ್ಲ. ಶುಗರ್ ಯಾಕಿಷ್ಟು ಅಂತ ನೋಡಿದ್ರೆ, "ನಾನು ಸಕ್ಕರೆ ಬಿಟ್ಟೆ ಕಣೋ" ಅಂತ ದಿನಕ್ಕೆ ನಾಲ್ಕು ಲೋಟ ಬೆಲ್ಲದ ಟೀ ಕುಡೀತಿದ್ದರು. ಬೆಲ್ಲ ಬಿಡಿಸೋಕೆ ಪಟ್ಟ ಪಾಡಿನ ಮುಂದೆ ಡಾಕ್ಟರ್ ಹುಡುಕೋದು ಏನೂ ಅಲ್ಲ.

ಆಮೇಲೆ ನನಗೆ ಹೊಳೆದಿದ್ದು ಇದು. ನಾನು ಆಸ್ಪತ್ರೆಯಿಂದ ಹುಡುಕ್ತಾ ಇದ್ದೆ. ಆಪರೇಷನ್ ಆದ ಕಣ್ಣಿಂದ ಹುಡುಕಬೇಕಿತ್ತು.

ತಿಂಗಳ ಸೆಕ್ರೆಟರಿಗಳ ಸಭೆಗೆ ಮೂವತ್ತು ಚಿಲ್ಲರೆ ಡೈರಿಯವರು ಬರ್ತಾರೆ. ಊಟದ ಹೊತ್ತಲ್ಲಿ ಒಬ್ಬೊಬ್ಬರನ್ನೇ ಹಿಡಿದು ಕೇಳಿದೆ. ನಿಮ್ಮ ಊರಲ್ಲಿ ಈ ವರ್ಷ ಕಾರ್ಡ್ ಮೇಲೆ ಕಣ್ಣು ಮಾಡಿಸಿದವರು ಯಾರು? ಎಲ್ಲಿ? ಕೈಯಿಂದ ಎಷ್ಟು ಹೋಯ್ತು? ಸೆಕ್ರೆಟರಿಗೆ ಗೊತ್ತಿಲ್ಲದ ಕಣ್ಣು ಊರಲ್ಲಿ ಇರಲ್ಲ, ಅಲ್ವಾ? ಬೆಳಿಗ್ಗೆ ಸಂಜೆ ಎದುರಿಗೇ ಬಂದು ನಿಲ್ತಾರೆ. ಹನ್ನೊಂದು ಹೆಸರು ಸಿಕ್ಕವು. ಅದರಲ್ಲಿ ಎಂಟು ಜನ ಹೋಗಿದ್ದು ಮೂರೇ ಆಸ್ಪತ್ರೆಗೆ. ಒಂದು ಸರ್ಕಾರಿ, ಎರಡು ಖಾಸಗಿ. ನಾನು ಅಲೆದಿದ್ದ ಯಾವುದೂ ಅದರಲ್ಲಿ ಇರಲಿಲ್ಲ.

ಈಗ ಫೋನ್. ರಿಸೆಪ್ಷನ್‌ಗೆ ಮಾಡಬೇಡಿ. ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳೋ ಆರೋಗ್ಯ ಮಿತ್ರರನ್ನೇ ಕೇಳಿ ಲೈನ್‌ಗೆ ಕರೆಸಿ. ಮಧ್ಯಾಹ್ನ ಮೂರರ ಮೇಲೆ ಮಾಡಿ, ಬೆಳಿಗ್ಗೆ ಅವರಿಗೆ ತಲೆ ಎತ್ತೋಕೂ ಪುರುಸೊತ್ತಿರಲ್ಲ. "ಕಾರ್ಡ್ ತಗೋತೀರಾ" ಅನ್ನೋ ಪ್ರಶ್ನೆಯನ್ನ ಮರೆತೇಬಿಡಿ. ಹೋದ ತಿಂಗಳು ಕಾರ್ಡ್ ಮೇಲೆ ಎಷ್ಟು ಪೊರೆ ಆಪರೇಷನ್ ಆಯ್ತು? ಸರ್ಜನ್ ವಾರದಲ್ಲಿ ಯಾವ ದಿನ ಬರ್ತಾರೆ? ರೆಫರಲ್ ಚೀಟಿ, ಅಂದ್ರೆ ಬೇರೆ ಆಸ್ಪತ್ರೆಗೆ ಕಳಿಸೋ ಪತ್ರ, ಯಾವ ಆಸ್ಪತ್ರೆಯದು ನಡೆಯುತ್ತೆ? ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಅಲ್ಲಿ ನಿಜವಾಗಿ ಕೆಲಸ ನಡೀತಿದೆ. "ಬನ್ನಿ ಸಾರ್, ನೋಡೋಣ" ಅಂದರೆ ಫೋನ್ ಇಡಿ. ಆರೋಗ್ಯ ಸಹಾಯವಾಣಿ 104ಕ್ಕೂ ಮಾಡಿ ನೋಡಿದ್ದೆ. ಮರ್ಯಾದೆಯಿಂದ ಮಾತಾಡಿದರು, ಹೆಸರುಗಳನ್ನೂ ಹೇಳಿದರು. ಆದರೆ ಯಾವ ದಿನ ಸರ್ಜನ್ ಬರ್ತಾರೆ ಅನ್ನೋದು ಅವರಿಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು. ದಿನ ಗೊತ್ತಾದ ಮೇಲೆ ರೋಗಿಯನ್ನ ಕರಕೊಂಡು ಹೋಗೋ ಮೊದಲು ನಾನೊಬ್ಬನೇ ಹೋದೆ. ಒಳಗೆ ಹೋಗಲಿಲ್ಲ. ಗೇಟಿನ ಎದುರು ಟೀ ಅಂಗಡಿಯಲ್ಲಿ ಒಂದೂವರೆ ಗಂಟೆ ಕೂತೆ. ಕಪ್ಪು ಕನ್ನಡಕ ಹಾಕಿಕೊಂಡು ಹೊರಗೆ ಬಂದವರನ್ನೆಲ್ಲ "ಎಷ್ಟು ಆಯ್ತಜ್ಜ?" ಅಂತ ಕೇಳಿದೆ. ನಾಲ್ಕು ಜನರಲ್ಲಿ ಮೂವರು "ಏನಿಲ್ಲಪ್ಪ, ಬಸ್ ಚಾರ್ಜು" ಅಂದರು. ನಾಲ್ಕನೆಯವರು ಡ್ರಾಪ್ಸ್‌ಗೆ 400 ಅಂದರು. ಎರಡು ಟೀ, ಒಂದು ಬನ್ನು, 35 ರೂಪಾಯಿ. ಮೊದಲನೇ ಸಲವೇ ಈ 35 ಖರ್ಚು ಮಾಡಿದ್ರೆ 1,700 ಉಳೀತಿತ್ತು.

ರೆಫರಲ್ ಬಗ್ಗೆ ಹೆಚ್ಚು ಹೇಳಲ್ಲ. ಸರ್ಕಾರಿ ಆಸ್ಪತ್ರೆಯಿಂದಲೇ ಬರೆಸಬೇಕು, ಸೀದಾ ಖಾಸಗಿಗೆ ಹೋದರೆ ಕಾರ್ಡ್ ಬರೀ ಪ್ಲಾಸ್ಟಿಕ್ಕು. ಅಲ್ಲೇ ಆಪರೇಷನ್ ಆಗೋ ಹಾಗಿದ್ದರೆ ಹೊರಗೆ ಬರೆದುಕೊಡಲ್ಲ, ಅದೂ ಸರಿಯೇ. ನೇತ್ರಾಧಿಕಾರಿ ಇರೋ ದಿನ ಹೋಗಿ. ಹಲವರು ಈ ಚೀಟಿಗೆ ಮೂರು ಸಲ ಅಲೆದಿದ್ದಾರೆ. ನಾನು ಒಂದೇ ಬೆಳಿಗ್ಗೆಯಲ್ಲಿ ತರ್ತೀನಿ. ಹೇಗೆ ಅನ್ನೋದನ್ನ ಬರೆಯಲ್ಲ, ಬರೆದ ದಿನವೇ ಅದು ಕೆಟ್ಟು ಹೋಗುತ್ತೆ. ಲಂಚ ಅಲ್ಲ, ಅಷ್ಟು ಹೇಳಬಲ್ಲೆ. ಯೋಜನೆಯಿಂದ ಆಪರೇಷನ್ನಿಗೆ ಅಪ್ರೂವಲ್ ತಡ ಆದಾಗ ಆರೋಗ್ಯ ಮಿತ್ರರಿಗೆ ಹೇಳೋ ಒಂದು ಮಾತಿದೆ, ಅದೂ ನನ್ನ ಹತ್ತಿರವೇ ಇರಲಿ.

ಆಸ್ಪತ್ರೆಯಲ್ಲಿ ಆಧಾರ್ ಗುರುತಿಗೆ ಒತ್ತೋ ಹೆಬ್ಬೆಟ್ಟಿನ ವಿಷಯ ಮಾತ್ರ ಹೇಳಲೇಬೇಕು. ಹಾಲು ಕರೆದು, ಸಗಣಿ ಬಾಚಿ ಸವೆದ ಬೆರಳು ಯಂತ್ರಕ್ಕೆ ಬರಲ್ಲ. ನಮ್ಮೂರ ಒಬ್ಬ ಅಜ್ಜನಿಗೆ ಹತ್ತು ಬೆರಳೂ ಬರಲಿಲ್ಲ. ಕಣ್ಣಿನ ಯಂತ್ರ ತಂದರು. ಅಜ್ಜ ಕಣ್ಣನ್ನ ಅಷ್ಟು ಅಗಲ ಬಿಡೋಕೇ ಆಗ್ತಿಲ್ಲ. "ಕಣ್ಣು ಸರಿ ಇದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ" ಅಂತ ಅಜ್ಜ ಯಂತ್ರಕ್ಕೇ ಬೈದ. ಕೊನೆಗೆ ಮೊಬೈಲ್ ಓಟಿಪಿ. ಅದು ಮಗನ ನಂಬರ್, ಮಗ ಬೆಂಗಳೂರಲ್ಲಿ, ಫೋನ್ ಸ್ವಿಚ್ ಆಫ್. ಆ ದಿನ ಹಾಳು. ಅದಕ್ಕೇ ಈಗ ಹೊರಡೋ ಹಿಂದಿನ ದಿನ ಆಧಾರ್‌ಗೆ ಯಾವ ನಂಬರ್ ಇದೆ ಅಂತ ನೋಡಿಕೊಳ್ತೀನಿ. ಬೆರಳಿಗೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಸಿ, ಬೆಳಿಗ್ಗೆ ಸೋಪಲ್ಲಿ ತೊಳೆಸ್ತೀನಿ. ಇಬ್ಬರಿಗೆ ಕೆಲಸ ಮಾಡಿದೆ, ಒಬ್ಬರಿಗೆ ಇಲ್ಲ.

ದೊಡ್ಡಮ್ಮನ ಬಲಗಣ್ಣು ಆದ ಖರ್ಚು, ನೆನಪಿನ ಮೇಲೆ: ಆಪರೇಷನ್‌ಗೆ ಸೊನ್ನೆ. ಅವರ ಬಸ್ಸಿಗೂ ಸೊನ್ನೆ, 2023ರಿಂದ ಶಕ್ತಿ ಟಿಕೆಟ್ ಇದೆಯಲ್ಲ. ನನ್ನ ಬಸ್ಸು ನಾಲ್ಕು ಓಡಾಟಕ್ಕೆ 500ರ ಹತ್ತಿರ. ಮೊದಲ ಎರಡು ವಾರದ ಡ್ರಾಪ್ಸ್ ಆಸ್ಪತ್ರೆಯವರೇ ಕೊಟ್ಟರು, ಉಳಿದಿದ್ದಕ್ಕೆ 300. ಆಮೇಲೆ ಓದೋ ಕನ್ನಡಕ 450. ಊಟ ತಿಂಡಿ ಸೇರಿ 1,500 ದಾಟಿಲ್ಲ. ಮೊದಲ ಮೂರು ಕಡೆ ದಂಡ ತೆತ್ತಿದ್ದೇ 3,000 ಮೇಲೆ.

ಎಪಿಎಲ್ ಕಾರ್ಡಿನವರಿಗೆ ಈ ದಾರಿ ಅಷ್ಟು ಚೆನ್ನಾಗಿಲ್ಲ. ಅವರಿಗೆ ಯೋಜನೆ ಕೊಡೋದು ಪ್ಯಾಕೇಜಿನ 30 ಪರ್ಸೆಂಟ್. ಅಂಥವರು ನಮ್ಮ ಸಂಘದ ಸದಸ್ಯರಾಗಿದ್ದರೆ ಸಹಕಾರ ಸಂಘದ ಸದಸ್ಯರಿಗಿರೋ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸ್ತೀನಿ, ಹಳ್ಳಿಯ ನಾಲ್ಕು ಜನರ ಮನೆಗೆ 500 ರೂಪಾಯಿ. ಆದರೆ ನೋಂದಣಿ ವರ್ಷಪೂರ್ತಿ ತೆರೆದಿರಲ್ಲ. ಒಬ್ಬರು ಪೊರೆ ಬಂದ ಮೇಲೆ ಓಡಿ ಬಂದರು, ಅಷ್ಟರಲ್ಲಿ ಬಾಗಿಲು ಹಾಕಿತ್ತು.

ಇದರ ಮಧ್ಯೆ ಎರಡು ಚಿಲ್ಲರೆ ಪ್ರಯೋಗ ಮಾಡಿದೆ. ಡೈರಿ ಗೋಡೆಗೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೇತು ಹಾಕಿ, ಕ್ಯೂನಲ್ಲಿ ಹತ್ತು ಅಡಿ ದೂರದಿಂದ ಒಂದು ಕಣ್ಣು ಮುಚ್ಚಿಸಿ ತಾರೀಕು ಓದಿಸಿದೆ. ಒಬ್ಬ ಮಾವ ಫಟಾಫಟ್ ಓದಿದರು. ಆಮೇಲೆ ಗೊತ್ತಾಯ್ತು, ಕಂಡಿದ್ದಲ್ಲ, ಇವತ್ತಿನ ತಾರೀಕು ಬಾಯಿಗೆ ಬರ್ತಿತ್ತು ಅಷ್ಟೆ. ಆಮೇಲಿಂದ ಹೋದ ವಾರದ ಸಾಲು ಓದಿಸ್ತೀನಿ. ಏಳು ಜನ ಸಿಕ್ಕಿಬಿದ್ದರು, ಒಬ್ಬರಿಗೂ ತಮಗೆ ಪೊರೆ ಇದೆ ಅಂತ ಗೊತ್ತಿರಲಿಲ್ಲ. "ಇನ್ನೂ ಮಾಗಲಿ" ಅಂತ ಕಾಯೋ ಹಳೇ ಅಭ್ಯಾಸ ಬಿಡಿಸೋದೂ ಒಂದು ಕೆಲಸ. ಜಾಸ್ತಿ ಮಾಗಿದರೆ ಗಟ್ಟಿಯಾಗಿ ಆಪರೇಷನ್ನೇ ಕಷ್ಟ.

ಎರಡನೇದು ಡ್ರಾಪ್ಸ್. ಓದು ಬಾರದವರಿಗೆ ಎರಡು ಬಾಟಲಿ ಕೊಟ್ಟು ಇದು ಆರು ಸಲ, ಇದು ಮೂರು ಸಲ ಅಂದ್ರೆ ಏನು ಮಾಡಬೇಕು? ನಾನು ಬಾಟಲಿಗೆ ರಬ್ಬರ್ ಬ್ಯಾಂಡ್ ಸುತ್ತಿದೆ, ಎಷ್ಟು ಸಲವೋ ಅಷ್ಟು. ಹಾಕಿದ ಹಾಗೆಲ್ಲ ಒಂದು ತೆಗೆದು ಬಳೆ ಥರ ಕೈಗೆ ಹಾಕಿಕೊಳ್ಳೋದು, ರಾತ್ರಿ ಮತ್ತೆ ಬಾಟಲಿಗೆ. ದೊಡ್ಡಮ್ಮ ಒಂದು ದಿನವೂ ತಪ್ಪಿಸಲಿಲ್ಲ. ಈಗ ಕಣ್ಣು ಕಂಡು ಹಾಲಿನ ಕೊಬ್ಬು ಅಳೆಯೋ ಫ್ಯಾಟ್ ಮೆಷಿನ್‌ನ ನಂಬರನ್ನ ತಾವೇ ಓದ್ತಾರೆ, 3.8ಕ್ಕೆ ಇಳಿದರೆ ಜಗಳಕ್ಕೆ ನಿಲ್ತಾರೆ. ನಾನೇ ತಂದುಕೊಂಡ ತೊಂದರೆ.

ಈ ದಾರಿ ಪೊರೆಗೆ ಮಾತ್ರ ಸಲೀಸು. ಶುಗರ್‌ನಿಂದ ಕಣ್ಣಿನ ನರದ ಪರದೆ ಹಾಳಾದವರು ನಮ್ಮೂರಲ್ಲಿ ಇಬ್ಬರಿದ್ದಾರೆ. ಅದಕ್ಕೆ ಲೇಸರ್, ಇಂಜೆಕ್ಷನ್, ಮತ್ತೆ ಮತ್ತೆ ಓಡಾಟ. ಹೋದ ವಾರ ಎರಡು ಕಡೆ ಅದೇ ಮೂರು ಪ್ರಶ್ನೆ ಕೇಳಿದೆ, ಎರಡೂ ಕಡೆ "ಬನ್ನಿ ಸಾರ್, ನೋಡೋಣ". ಸೋಮವಾರ ಬೆಂಗಳೂರಿಗೆ, ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆಗೆ ಕರಕೊಂಡು ಹೋಗ್ತಿದ್ದೀನಿ. ಸಂಜೆ ಹಾಲು ಹಿಡಿಯೋಕೆ ಹೆಂಡತಿಗೆ ಹೇಳಿದ್ದೀನಿ. ಅವಳು ಫ್ಯಾಟ್ ಸರಿಯಾಗಿ ಕೊಡ್ತಾಳೆ ಅಂತ ದೊಡ್ಡಮ್ಮನಿಗೆ ಆಗಲೇ ಖುಷಿ.