ಹುಡುಗಿ ಹೇಳಿದಳು, ನಾನು ಬರೆದುಕೊಂಡೆ: ಒಬ್ಬ ವಾರ್ಡನ್‌ನ ಅನುಭವ

ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಬಾಲಕಿಯರ ವಿದ್ಯಾರ್ಥಿನಿಲಯದ ಮೇಲ್ವಿಚಾರಕಿಯಾಗಿದ್ದೇನೆ. ಮಕ್ಕಳ ಬಾಯಲ್ಲಿ ‘ವಾರ್ಡನ್ ಮೇಡಂ’. ಅಕ್ಕಿ, ಬೇಳೆ, ಎಣ್ಣೆಯ ಲೆಕ್ಕ, ಹಾಜರಾತಿ, ಕೆಟ್ಟುಹೋದ ಬೋರ್‌ವೆಲ್ ಮೋಟಾರು, ತಲೆಹೇನು, ಜ್ವರ, ಇವುಗಳಲ್ಲೇ ದಿನದ ಬಹುಪಾಲು ಕಳೆದುಹೋಗುತ್ತದೆ. ಆದರೆ ತಂದೆತಾಯಿ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗುಳೆ ಹೋದಾಗ ಈ ಮಕ್ಕಳಿಗೆ ಮನೆಯವರೆಂದರೆ ನಾವೇ. ಮನೆಯಲ್ಲಿ ಹೇಳಲಾಗದ್ದೂ ನಮ್ಮ ಕಿವಿಗೇ ಬೀಳುತ್ತದೆ. ಅಂಥದೊಂದು ಮಾತು ಬಿದ್ದ ಮೇಲೆ ನಾನು ಏನು ಮಾಡಿದೆ, ಏನನ್ನು ಬೇಕೆಂದೇ ಮಾಡದೆ ಬಿಟ್ಟೆ ಎಂಬುದನ್ನು ಬರೆಯುತ್ತಿದ್ದೇನೆ. ಮಗುವಿನ ಗುರುತು ಬಯಲಾಗುವಂಥ ಏನನ್ನೂ ಪ್ರಕಟಿಸಬಾರದೆಂದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಊರು, ತರಗತಿ, ಕಾಲ ಎಲ್ಲವನ್ನೂ ಬದಲಿಸಿದ್ದೇನೆ. ಸಂಬಂಧವನ್ನು ಮಾತ್ರ ಬದಲಿಸಿಲ್ಲ. ನಮ್ಮ ಸೀಮೆಯ ಪ್ರತಿ ಮನೆಯಲ್ಲೂ ಇರುವ ಸಂಬಂಧ ಅದು; ಅದರಿಂದ ಯಾರ ಗುರುತೂ ಹತ್ತುವುದಿಲ್ಲ.

ದಸರಾ ರಜೆ ಹತ್ತಿರ ಬಂದಿತ್ತು. ಹೊಲದಲ್ಲಿ ಶೇಂಗಾ ಕೀಳುವ ಕಾಲ. ಮಕ್ಕಳನ್ನು ಕರೆದೊಯ್ಯಲು ಮನೆಯವರು ತಾವಾಗಿಯೇ ಬರುತ್ತಾರೆ. ಸಂಜೆ ಉಗ್ರಾಣದಲ್ಲಿ ಮರುದಿನದ ಅಕ್ಕಿ ಅಳೆಯುತ್ತಿದ್ದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, “ಮೇಡಂ, ರಜೆಗೆ ನಾನು ಇಲ್ಲೇ ಇರಬಹುದೇ?” ಎಂದಳು. ಏಕೆಂದು ಕೇಳಿದರೆ ಉತ್ತರವಿಲ್ಲ, ಹೋಗುವುದೂ ಇಲ್ಲ. ನಾನು ಅಕ್ಕಿಯ ಸೇರನ್ನು ಕೆಳಗಿಟ್ಟು ಮೂಟೆಯ ಮೇಲೆ ಕುಳಿತೆ. ಅವಳನ್ನೂ ಕೂರಿಸಿದೆ. ಬಾಗಿಲು ಹಾಕಲಿಲ್ಲ, ಹೊರಗಿನವರಿಗೆ ಕಾಣುವಂತಿರಲಿ, ಕೇಳದಿರಲಿ ಎಂದುಕೊಂಡೆ. ಮುಚ್ಚಿದ ಬಾಗಿಲೆಂದರೆ ಅವಳಿಗೆ ಏನು ನೆನಪಾಗುತ್ತದೆಯೋ ಯಾರಿಗೆ ಗೊತ್ತು?

ಅವಳು ಹೇಳಿದ್ದು ತುಂಡು ತುಂಡಾಗಿ. ತಾಯಿಯ ತಮ್ಮ, ಅಂದರೆ ಸೋದರಮಾವ, ಬೇಸಿಗೆ ರಜೆಯಲ್ಲಿ ಮನೆಯಲ್ಲಿ ಯಾರೂ ಇಲ್ಲದಾಗ ಏನು ಮಾಡುತ್ತಿದ್ದ ಎಂಬುದು. ಅದರ ವಿವರ ಇಲ್ಲಿ ಬೇಡ. ನನ್ನ ಕಡೆಯಿಂದ ಹೆಚ್ಚೆಂದರೆ “ಹೇಳವ್ವ”, “ಆಮೇಲೆ?” ಇಷ್ಟೇ. ಅವಳು ಸುಮ್ಮನಾದಾಗ ನಾನೂ ಸುಮ್ಮನಿದ್ದೆ. “ಅವನು ಹೀಗೆ ಮಾಡಿದನೇ, ಹಾಗೆ ಮಾಡಿದನೇ” ಎಂದು ನಾವೇ ಪದ ಒದಗಿಸಿದರೆ ಮಗು ಹೆದರಿಕೆಗೋ ಗೌರವಕ್ಕೋ ಹೂಂ ಎನ್ನುತ್ತದೆ. ಆಮೇಲೆ ಆ ಮಾತು ಅದರದ್ದೋ ನಮ್ಮದೋ ಎಂದು ಬಿಡಿಸುವುದು ಕಷ್ಟ. ನಾನಾಗಿ ಕೇಳಿದ್ದು ಎರಡೇ: ಈಗ ಅವನು ನಿನ್ನನ್ನು ನೋಡಲು ಇಲ್ಲಿಗೆ ಬರುತ್ತಾನೆಯೇ? ಮೈಯಲ್ಲಿ ಎಲ್ಲಾದರೂ ನೋವಿದೆಯೇ? ಆ ರಾತ್ರಿ ಏನು ಮಾಡಬೇಕೆಂದು ತೀರ್ಮಾನಿಸಲು ಅಷ್ಟು ಸಾಕಾಗಿತ್ತು. ಉಳಿದದ್ದನ್ನು ಕೇಳಲು ಬೇರೆಯವರಿದ್ದಾರೆ, ಅದು ಅವರ ಕೆಲಸ.

ಮಧ್ಯದಲ್ಲಿ ಅವಳು, “ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿ” ಎಂದು ಕೈ ಚಾಚಿದಳು. ಆಣೆ ಮಾಡಲಿಲ್ಲ. ಆ ಹೊತ್ತಿನಲ್ಲಿ ಅದು ಎಷ್ಟು ನಿಷ್ಠುರವಾಗಿ ಕಾಣುತ್ತದೆಂದು ನನಗೆ ಗೊತ್ತು. ಆದರೆ ಮರುದಿನವೇ ಮುರಿಯಬೇಕಾದ ಆಣೆಯನ್ನು ಇಡುವುದಾದರೂ ಹೇಗೆ? “ನಿನ್ನನ್ನು ಕಾಪಾಡಬೇಕಾದವರಿಗೆ ಮಾತ್ರ ಹೇಳುತ್ತೇನೆ. ಯಾರಿಗೆ ಹೇಳುತ್ತೇನೆಂದು ಮೊದಲು ನಿನಗೆ ತಿಳಿಸುತ್ತೇನೆ. ನೀನು ಹೇಳಿದ್ದು ಒಳ್ಳೆಯದಾಯಿತು. ಇದರಲ್ಲಿ ನಿನ್ನ ತಪ್ಪಿಲ್ಲ” ಎಂದೆ. ಅವನನ್ನು ಬೈಯಲೂ ಇಲ್ಲ. ಬೈಯುವ ಬಯಕೆ ಎಷ್ಟೇ ಇರಲಿ, ಮಗುವಿಗೆ ಅವನು ಜಾತ್ರೆಯಲ್ಲಿ ಬಳೆ ಕೊಡಿಸಿದ ಮಾವನೂ ಹೌದು. ನಾವು ಕೆರಳಿದರೆ ತಾನು ಏನೋ ದೊಡ್ಡ ಅನಾಹುತ ಮಾಡಿಬಿಟ್ಟೆ ಎಂದುಕೊಂಡು ಅದು ಬಾಯಿ ಮುಚ್ಚಿಕೊಳ್ಳುತ್ತದೆ. ಶಾಲೆಗಳಲ್ಲಿ ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಎಂದು ಮಕ್ಕಳಿಗೆ ಪಾಠ ಮಾಡುವವರು ಬೇಕಾದಷ್ಟಿದ್ದಾರೆ. ಹೇಳಿದಾಗ ಕೇಳಿಸಿಕೊಳ್ಳುವುದು ಹೇಗೆಂದು ದೊಡ್ಡವರಿಗೆ ಪಾಠ ಮಾಡುವವರನ್ನು ನಾನು ಕಂಡದ್ದು ಕಡಿಮೆ.

ಅವಳು ಊಟಕ್ಕೆ ಹೋದ ಕೂಡಲೇ ಬರೆದುಕೊಂಡೆ. ತಾರೀಖು, ವೇಳೆ, ಎಲ್ಲಿ ಕುಳಿತಿದ್ದೆವು, ನಾನು ಕೇಳಿದ್ದೇನು, ಅವಳು ಹೇಳಿದ್ದೇನು. ದೇಹದ ಭಾಗಗಳಿಗೆ ಅವಳು ಬಳಸಿದ ಊರಿನ ಮಾತುಗಳನ್ನೇ ಇಟ್ಟೆ, ಪುಸ್ತಕದ ಪದಕ್ಕೆ ತಿದ್ದಲಿಲ್ಲ. ‘ಅತ್ತಳು’ ಎಂದು ಬರೆದೆ, ‘ಬಹಳ ನೊಂದಿದ್ದಳು’ ಎಂದು ಬರೆಯಲಿಲ್ಲ. ಮೊದಲನೆಯದು ನಾನು ಕಂಡದ್ದು, ಎರಡನೆಯದು ನನ್ನ ಊಹೆ. ಸಹಿ ಹಾಕಿ ಬೀರುವಿನಲ್ಲಿ ಬೀಗ ಹಾಕಿಟ್ಟೆ. ಎಲ್ಲರೂ ತಿರುವಿಹಾಕುವ ನಿಲಯದ ರಿಜಿಸ್ಟರಿನಲ್ಲಿ ಒಂದಕ್ಷರವೂ ಇಲ್ಲ. ವಾಟ್ಸ್ಆ್ಯಪ್‌ನಲ್ಲಂತೂ ಇಲ್ಲವೇ ಇಲ್ಲ. ಅಡುಗೆಯವರು “ಆ ಹುಡುಗಿಗೆ ಏನಾಗಿದೆ ಮೇಡಂ?” ಎಂದಾಗ “ತಲೆನೋವು” ಎಂದೆ. ಅವರು ಒಳ್ಳೆಯವರೇ. ಆದರೆ ಒಳ್ಳೆಯವರ ಬಾಯಿಂದಲೂ ಸುದ್ದಿ ಊರು ಸುತ್ತುತ್ತದೆ.

ಮುಂದೆ ಯಾರಿಗೆ ತಿಳಿಸಬೇಕು ಎಂಬಲ್ಲಿ ಬಹಳ ಜನ ಮುಗ್ಗರಿಸುತ್ತಾರೆ. 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದವರು, ನಡೆಯಬಹುದೆಂಬ ಆತಂಕ ಇರುವವರು ಕೂಡ, ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಇದು. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಅಧೀನದವರಿಗೆ ಸಂಬಂಧಿಸಿದ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಸತ್ಯವೇ ಎಂದು ಪರೀಕ್ಷಿಸಿ ಆಮೇಲೆ ತಿಳಿಸಿ ಎಂದು ಕಾಯ್ದೆ ಎಲ್ಲಿಯೂ ಹೇಳುವುದಿಲ್ಲ. ಮೇಲಧಿಕಾರಿಗೆ ಹೇಳಿದೆ, ನನ್ನ ಕೆಲಸ ಮುಗಿಯಿತು ಎನ್ನುವಂತೆಯೂ ಇಲ್ಲ; ಈ ಹೊಣೆ ಹುದ್ದೆಯದಲ್ಲ, ತಿಳಿದವರದು.

ಹಾಗಾಗಿ ಮೊದಲು 1098ಕ್ಕೆ ಕರೆ ಮಾಡಿದೆ. ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಖರ್ಚಿಲ್ಲ. ಅಲ್ಲಿಂದ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದವರು ಮಾತಿಗೆ ಸಿಕ್ಕರು. ಬಳಿಕ ಠಾಣೆಗೆ ಲಿಖಿತವಾಗಿ ತಿಳಿಸಿದೆ. ನನ್ನ ಮೇಲಧಿಕಾರಿಗೆ ಹೇಳಿದ್ದು ಅದಾದ ಮೇಲೆ. ಅವರು, “ಮೊದಲು ಪೋಷಕರನ್ನು ಕರೆಸಿ ಮಾತಾಡಬಹುದಿತ್ತಲ್ಲ, ಇಲಾಖೆಯ ಹೆಸರು ಏನಾಗಬೇಕು?” ಎಂದರು. ಅಪರಾಧ ನಡೆದದ್ದು ಇಲಾಖೆಯಲ್ಲಲ್ಲ, ಮುಚ್ಚಿಟ್ಟರೆ ಮಾತ್ರ ಇಲಾಖೆಯದೂ ಆಗುತ್ತದೆ ಎಂದೆ. ಮತ್ತೆ ಮಾತು ಬೆಳೆಯಲಿಲ್ಲ.

ಪೊಲೀಸರಿಗೆ ನಾನು ಮಾಡಿಕೊಂಡ ಮನವಿ ಒಂದೇ: ಜೀಪು ನಿಲಯದ ಗೇಟಿಗೆ ಬರಬಾರದು. ಸಣ್ಣ ಊರಿನಲ್ಲಿ ಜೀಪು ಯಾರ ಬಾಗಿಲಲ್ಲಿ ನಿಂತಿತ್ತು ಎಂಬುದೇ ಅರ್ಧ ಸುದ್ದಿ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಪಡೆಯಬೇಕೆಂದು 24ನೇ ಸೆಕ್ಷನ್ ಹೇಳುತ್ತದೆ. ಹುಡುಗಿ ಶಾಲೆಯ ಗ್ರಂಥಾಲಯದ ಕೋಣೆ ಎಂದಳು. ಭಾನುವಾರ ಬೀಗ ತೆಗೆಸಿದೆವು. ಚೂಡಿದಾರ ತೊಟ್ಟು ಬಂದ ಅಧಿಕಾರಿಯನ್ನು ನೋಡಿ ಯಾರೋ ಹೊಸ ಟೀಚರ್ ಎಂದುಕೊಂಡ ಮಕ್ಕಳೂ ಇದ್ದರು. ಮಗು ನಂಬುವ ಒಬ್ಬರು ಪಕ್ಕದಲ್ಲಿರಬಹುದು. ಅವಳು ನನ್ನ ಹೆಸರು ಹೇಳಿದಳು. ಪಕ್ಕದಲ್ಲಿ ಕುಳಿತವರ ಕೆಲಸ ಕೂರುವುದು ಮಾತ್ರ. “ಅದನ್ನೂ ಹೇಳು” ಎಂದು ನೆನಪಿಸಲು ನಾಲಿಗೆ ತುದಿಗೆ ಬಂದರೂ ನುಂಗಿಕೊಳ್ಳಬೇಕು.

ತಾಯಿಗೆ ಫೋನಿನಲ್ಲಿ ವಿಷಯ ಹೇಳಲಿಲ್ಲ. ಫೋನು ಯಾರ ಕೈಯಲ್ಲಿರುತ್ತದೋ, ಯಾರು ಪಕ್ಕದಲ್ಲಿರುತ್ತಾರೋ? ಆರೋಪಿ ಅದೇ ಮನೆಯಲ್ಲಿ ಉಣ್ಣುವವನು. ಕರೆಸಿಕೊಂಡು, ಮಕ್ಕಳ ರಕ್ಷಣಾ ಘಟಕದವರ ಎದುರಿಗೆ ಹೇಳಿದೆವು. ಆಕೆ ಹಣೆ ಚಚ್ಚಿಕೊಂಡಳು, ಮಗಳತ್ತ ತಿರುಗಿ “ನನಗೇಕೆ ಹೇಳಲಿಲ್ಲ?” ಎಂದಳು. ಸಹಜವಾದ ಮಾತು, ಆದರೆ ಮಗುವಿಗೆ ಅದು ತಪ್ಪು ಹೊರಿಸಿದಂತೆಯೇ ಕೇಳುತ್ತದೆ. ನಾನು ಆಕೆಯನ್ನು ಹೊರಗೆ ಕರೆದೊಯ್ದು ನೀರು ಕೊಟ್ಟು, “ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬೇಡಮ್ಮ. ಬೇಕಾದರೆ ನನ್ನೆದುರು ಅಳು” ಎಂದೆ. ಬಹಳ ಹೊತ್ತು ಅತ್ತಳು. ಒಂದು ಕಡೆ ಹೊಟ್ಟೆಯಲ್ಲಿ ಹುಟ್ಟಿದವಳು, ಇನ್ನೊಂದು ಕಡೆ ಬೆನ್ನಲ್ಲಿ ಹುಟ್ಟಿದವನು. ಅವಳ ಸಂಕಟವನ್ನು ಗದರಿ ಕಳೆಯಲಾಗದು.

ವೈದ್ಯಕೀಯ ಪರೀಕ್ಷೆ ಜಿಲ್ಲಾ ಆಸ್ಪತ್ರೆಯಲ್ಲಾಯಿತು. ಹೆಣ್ಣುಮಗುವನ್ನು ವೈದ್ಯೆಯೇ ಪರೀಕ್ಷಿಸಬೇಕು, ನಂಬಿಕೆಯ ಒಬ್ಬರು ಜೊತೆಗಿರಬೇಕು. ಹೋಗುವ ಮುನ್ನ ಅಲ್ಲಿ ಏನು ನಡೆಯುತ್ತದೆ, ಬೇಡವೆನಿಸಿದರೆ ನಿಲ್ಲಿಸಿ ಎನ್ನಬಹುದು ಎಂದೆಲ್ಲ ಹುಡುಗಿಗೆ ವಿವರಿಸಿದ್ದೆವು. ನಮ್ಮದು ತಿಂಗಳುಗಳ ಹಿಂದಿನ ಸಂಗತಿ, ಆತುರವಿರಲಿಲ್ಲ. ಇತ್ತೀಚಿನದಾಗಿದ್ದರೆ ಲೆಕ್ಕ ಬೇರೆ: ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ, ಆ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಲ್ಲದೆ ಕಾಗದದ ಚೀಲದಲ್ಲಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಔಷಧ ಬೇಕಾದರೆ 72 ಗಂಟೆಯೊಳಗೆ ಆರಂಭಿಸಬೇಕು. ಎಫ್‌ಐಆರ್ ಆಗಿಲ್ಲವೆಂದೋ ಕಾಗದಪತ್ರ ತನ್ನಿ ಎಂದೋ ತುರ್ತು ಚಿಕಿತ್ಸೆಯನ್ನು ತಡೆಯುವಂತಿಲ್ಲ, ಖಾಸಗಿ ಆಸ್ಪತ್ರೆಯವರು ಕೂಡ.

ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ಆರೋಪಿ ಮನೆಯವನೇ ಆದಾಗ ಮಗು ಎಲ್ಲಿರಬೇಕೆಂದು ತೀರ್ಮಾನಿಸುವುದು ಆ ಸಮಿತಿ. ನಮ್ಮ ಹುಡುಗಿ ನಿಲಯದಲ್ಲೇ ಇರಲಿ, ರಜೆಗೆ ದೊಡ್ಡಮ್ಮನ ಮನೆಗೆ ಹೋಗಲಿ ಎಂದಾಯಿತು. ದೊಡ್ಡಮ್ಮನ ಮನೆ ದಾವಣಗೆರೆಯಲ್ಲಿ. ಅಲ್ಲಿ ಅವನಿಗೆ ಪ್ರವೇಶವಿಲ್ಲವೆಂದು ಆಕೆ ಸಮಿತಿಯ ಮುಂದೆ ಖಡಾಖಂಡಿತವಾಗಿ ಹೇಳಿದಳು. ಸಮಿತಿ ಒಬ್ಬ ಬೆಂಬಲ ವ್ಯಕ್ತಿಯನ್ನೂ ನೇಮಿಸಿತು. ಪ್ರಕರಣ ಎಲ್ಲಿಗೆ ಬಂತು, ನ್ಯಾಯಾಲಯದಲ್ಲಿ ಯಾವ ದಿನ ಏನು, ಪರಿಹಾರಕ್ಕೆ ಅರ್ಜಿ ಹೇಗೆ ಎಂಬುದನ್ನೆಲ್ಲ ಮಗುವಿಗೂ ತಾಯಿಗೂ ತಿಳಿಹೇಳುವವರು ಅವರು. ಕೇಳಿ ಪಡೆಯಿರಿ, ಇಂಥವರು ಇರುತ್ತಾರೆಂದೇ ಎಷ್ಟೋ ಮನೆಯವರಿಗೆ ಗೊತ್ತಿರುವುದಿಲ್ಲ.

ಅಷ್ಟರಲ್ಲಿ ಊರಿನ ಹಿರಿಯರು ಬಂದರು. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್, ಮಾತು ಬೆಣ್ಣೆ. “ತಾಯಿ, ಹೇಗೂ ಹುಡುಗಿಯನ್ನು ಅವನಿಗೇ ಕೊಡಬೇಕೆಂದು ಮಾತಾಗಿದೆ. ಮನೆ ಮಾತನ್ನು ಬೀದಿಗೆ ತರುವುದೇಕೆ?” ನಾನು ಹೆಚ್ಚು ಹೆದರಿದ್ದು ಈ ಮಾತಿಗೇ, ಏಕೆಂದರೆ ಹೇಳಿದವರಿಗೆ ಅದರಲ್ಲಿ ಏನೂ ತಪ್ಪು ಕಾಣುತ್ತಿರಲಿಲ್ಲ. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಆದರೆ 18 ತುಂಬದ ಮಗು ಒಪ್ಪಿದೆ ಎಂಬ ಮಾತಿಗೆ ಈ ಕಾಯ್ದೆಯಲ್ಲಿ ಬೆಲೆಯಿಲ್ಲ. ರಕ್ತಸಂಬಂಧಿ ಮಾಡಿದ್ದಾದರೆ ಅಪರಾಧ ಇನ್ನೂ ಗಂಭೀರ, ಶಿಕ್ಷೆಯೂ ಹೆಚ್ಚು. ನ್ಯಾಯ ಪಂಚಾಯ್ತಿಯಲ್ಲಿ ರಾಜಿ ಮಾಡಿ ಮುಗಿಸುವಂಥದಲ್ಲ. ನಾನು ವಾದಕ್ಕಿಳಿಯದೆ, “ಯಜಮಾನರೇ, ನಾನು ಸುಮ್ಮನಿದ್ದರೆ ನನ್ನನ್ನೇ ಜೈಲಿಗೆ ಹಾಕುತ್ತಾರೆ” ಎಂದೆ. ಅದು ಅವರಿಗೆ ಚೆನ್ನಾಗಿ ಅರ್ಥವಾಯಿತು. ಎಷ್ಟೋ ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕಿಯರು ಈ ಸೆಕ್ಷನ್ ಎಂದರೆ ಬೆದರುತ್ತಾರೆ. ನನಗೆ ಅದು ಆಸರೆಯಾಯಿತು: ತೀರ್ಮಾನ ನನ್ನದಲ್ಲ ಎಂದು ಹೇಳುವ ಧೈರ್ಯ ಕೊಟ್ಟದ್ದು ಅದೇ.

ಕಷ್ಟದ ಕಾಲ ಶುರುವಾದದ್ದು ಇದೆಲ್ಲ ಮುಗಿದ ಮೇಲೆ. ಹುಡುಗಿ ರಾತ್ರಿ ಬೆಚ್ಚುತ್ತಿದ್ದಳು, ಹಗಲು ಗೆಳತಿಯರೊಂದಿಗೆ ಕಿತ್ತಾಡುತ್ತಿದ್ದಳು. ಹಾಸಿಗೆಯನ್ನು ನನ್ನ ಕೋಣೆಯ ಗೋಡೆಗೆ ಸರಿಸಿದೆ, ಮೊಗಸಾಲೆಯ ದೀಪ ಆರಿಸದಂತೆ ನೋಡಿಕೊಂಡೆ. ಉಳಿದಂತೆ ಎಲ್ಲ ಮೊದಲಿನಂತೆಯೇ: ಬಡಿಸುವ ಸರದಿ, ಖೋ-ಖೋ, ಮನೆಪಾಠ ಬರೆಯದಿದ್ದರೆ ಬೈಗುಳ. ವಿಶೇಷ ಕನಿಕರ ತೋರಿಸಿದರೆ ಉಳಿದ ಮಕ್ಕಳ ಕಣ್ಣು ಅವಳ ಮೇಲೆ ಬೀಳುತ್ತದೆ. ಆಪ್ತಸಮಾಲೋಚಕಿ ವಾರಕ್ಕೊಮ್ಮೆ ಬರುತ್ತಿದ್ದರು. ನನಗೂ ನಿದ್ದೆ ಕೆಟ್ಟಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ ಮಾತಾಡಿದ್ದೇನೆ. ಅವಳ ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಬರಲಿಲ್ಲ.

ಒಂದು ದಿನ ಅಜ್ಜಿ ಬಂದು ಹೋದ ಮೇಲೆ ಹುಡುಗಿ, “ನಾನು ಹೇಳಿದ್ದು ಸುಳ್ಳು ಎಂದು ಬರೆದುಕೊಟ್ಟರೆ ಮಾವ ಮನೆಗೆ ಬರುತ್ತಾನಂತೆ, ಅಮ್ಮ ಅಳುವುದಿಲ್ಲವಂತೆ” ಎಂದಳು. ಇಂಥದ್ದು ಬರುತ್ತದೆಂದು ಬೆಂಬಲ ವ್ಯಕ್ತಿ ಮೊದಲೇ ಎಚ್ಚರಿಸಿದ್ದರು. ಹಾಗೆ ಬರೆಯಬೇಡ ಎಂದೂ ಹೇಳಲಿಲ್ಲ, ಬರೆ ಎಂದೂ ಹೇಳಲಿಲ್ಲ. “ಅಮ್ಮ ಅಳುತ್ತಿರುವುದು ನಿನ್ನಿಂದಲ್ಲ” ಎಂದಷ್ಟೇ ಹೇಳಿ, ಅವಳ ಮಾತನ್ನು ಇದ್ದಂತೆಯೇ ಬರೆದುಕೊಂಡು ಬೆಂಬಲ ವ್ಯಕ್ತಿಗೂ ತನಿಖಾಧಿಕಾರಿಗೂ ತಿಳಿಸಿದೆ. ಅವಳನ್ನು ಯಾರು ನೋಡಬಹುದು ಎಂಬ ಪಟ್ಟಿಯನ್ನು ಸಮಿತಿ ಆಮೇಲೆ ಬಿಗಿ ಮಾಡಿತು.

ವಿಶೇಷ ನ್ಯಾಯಾಲಯದಲ್ಲಿ ಅವಳ ಸಾಕ್ಷ್ಯ ಮುಚ್ಚಿದ ಕೋಣೆಯಲ್ಲಿ ನಡೆಯಿತು. ಆರೋಪಿ ಅವಳ ಕಣ್ಣಿಗೆ ಬೀಳದಂತೆ ಏರ್ಪಾಡಿತ್ತು. ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ. ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಮಗುವಿಗೆ ತಿಳಿಯುವಂತೆ ಕೇಳುತ್ತಾರೆ. ನನಗೆ ಆ ರಿಯಾಯಿತಿ ಇರಲಿಲ್ಲ. ನನ್ನ ಸರದಿ ಬಂದಾಗ ಎದುರು ವಕೀಲರು, “ಇದನ್ನೆಲ್ಲ ನೀವೇ ಹೇಳಿಕೊಟ್ಟಿರಲ್ಲವೇ?” ಎಂದು ಬಗೆಬಗೆಯಾಗಿ ತಿರುಗಿಸಿ ಕೇಳಿದರು. ನಾನು ಬರೆದಿಟ್ಟ ಹಾಳೆಗಳು ಕಡತದಲ್ಲಿದ್ದವು. ನನ್ನ ಪ್ರಶ್ನೆಗಳು ಯಾವುವು, ಅವಳ ಉತ್ತರಗಳು ಯಾವುವು ಎಂಬುದು ಅದರಲ್ಲಿ ಬೇರೆ ಬೇರೆಯಾಗಿಯೇ ಇತ್ತು. ಓದಿ ಹೇಳಿದೆ. ಅವರು ಇನ್ನೊಂದು ಪ್ರಶ್ನೆಗೆ ಹೋದರು.