ವೈರಸ್ ಹೋದ ಮೇಲೆ ಉಳಿಯುವ ಲೋಳೆ

ಅಕ್ಕನ ಮಗಳಿಗೆ ಆಗ ಎಂಟು ತಿಂಗಳು. ನೆಗಡಿ ಅಂತ ಶುರುವಾಗಿದ್ದು ಮೂರನೇ ದಿನಕ್ಕೆ ಉಬ್ಬಸಕ್ಕೆ ತಿರುಗಿತು. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಚರ್ಮ ಗುಳಿಬೀಳುತ್ತಿತ್ತು. ಆಸ್ಪತ್ರೆಯಲ್ಲಿ ಆರ್‌ಎಸ್‌ವಿ ಅಂದರು. ಪುಟ್ಟ ಮಕ್ಕಳ ಶ್ವಾಸಕೋಶವನ್ನು ಜಾಸ್ತಿ ಕಾಡುವ ವೈರಸ್ ಅದು. ಕೆಲವು ದಿನ ಆಮ್ಲಜನಕ ಕೊಟ್ಟು ಮನೆಗೆ ಕಳಿಸಿದರು. ಆದರೆ ಎದೆಯ ಗುರುಗುರು ಸದ್ದು ವಾರಗಟ್ಟಲೆ ನಿಲ್ಲಲಿಲ್ಲ.

ಅಕ್ಕ ಫೋನ್ ಮಾಡಿದಳು. "ನೀನು ಇದನ್ನೇ ಅಲ್ವೇನೋ ಓದ್ತಿರೋದು? ವೈರಸ್ ಹೋಯ್ತು ಅಂತಾರೆ. ಮತ್ತೆ ಯಾಕೋ ಇನ್ನೂ ಹಿಂಗೆ?"

ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಶ್ವಾಸಕೋಶದ ಫೈಬ್ರೋಬ್ಲಾಸ್ಟ್‌ಗಳ ಮೇಲೆ ಕೆಲಸ ಶುರು ಮಾಡಿ ಅಷ್ಟು ಹೊತ್ತಿಗೆ ಒಂದು ವರ್ಷವಾಗಿತ್ತು, ಅಷ್ಟೇ. ಜೀವಕೋಶಗಳ ನಡುವಿನ ಜಾಗವನ್ನು ತುಂಬುವ ನಾರು, ಅಂಟು, ಲೋಳೆ ಎಲ್ಲವನ್ನೂ ತಯಾರಿಸುವ ಕೋಶಗಳು ಇವು. ನಾರು ಅಂದರೆ ಕಾಲಜನ್, ಎಲಾಸ್ಟಿನ್. ಲೋಳೆಯಲ್ಲಿ ಮುಖ್ಯವಾದದ್ದು ಹಯಲುರೋನನ್. ಎರಡೇ ಎರಡು ಸಕ್ಕರೆ ತುಣುಕುಗಳು ಒಂದರ ಹಿಂದೆ ಒಂದು ಸಾವಿರಾರು ಸಲ ಪೋಣಿಸಿಕೊಂಡ ಸರ ಅದು. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ದನದ ಕಣ್ಣಿನೊಳಗಿನ ಲೋಳೆಯಿಂದ ಬೇರ್ಪಡಿಸಿದರು. 70 ಕೆ.ಜಿ. ತೂಕದ ಮನುಷ್ಯನ ಮೈಯಲ್ಲಿ ಇದು ಸುಮಾರು 15 ಗ್ರಾಂ ಇರುತ್ತದೆ. ಅದರಲ್ಲಿ ಮೂರನೇ ಒಂದು ಭಾಗ ದಿನಾ ಒಡೆದು ಹೋಗಿ ಹೊಸದು ಬರುತ್ತದೆ. ತನ್ನ ತೂಕಕ್ಕಿಂತ ಎಷ್ಟೋ ಪಟ್ಟು ನೀರನ್ನು ಇದು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿ ಆಡಬೇಕಾದ ಜಾಗದಲ್ಲಿ ಇಂಥದ್ದು ಸೇರಿಕೊಂಡರೆ ಏನಾಗಬಹುದು ಅಂತ ಯೋಚಿಸಿ.

ಈ ಲೋಳೆಯನ್ನು ಹುಡುಕಲು ಹೊರಟ ಮೊದಲ ಎರಡು ತಿಂಗಳು ನನಗೆ ಏನೂ ಸರಿಯಾಗಿ ಕಾಣಲಿಲ್ಲ. ಫ್ಲೂ ಸೋಂಕಿನ ಇಲಿಗಳ ಶ್ವಾಸಕೋಶದ ಸೆಕ್ಷನ್‌ಗಳು, ಅಂದರೆ ತೆಳ್ಳಗೆ ಕೊಯ್ದ ಹಾಳೆಗಳು ಸಿಕ್ಕಿದ್ದವು. ಹಯಲುರೋನನ್‌ಗೆ ಆಂಟಿಬಾಡಿ ಹಾಕಿ ನೋಡೋಣ ಅಂದರೆ ಆಗುವುದಿಲ್ಲ. ಇಲಿಯಲ್ಲಿ, ಮನುಷ್ಯನಲ್ಲಿ, ಕೆಲವು ಬ್ಯಾಕ್ಟೀರಿಯಾಗಳ ಹೊದಿಕೆಯಲ್ಲಿ ಕೂಡ ಇದು ಒಂದೇ ಸರ. ಯಾವ ಪ್ರಾಣಿಯ ಮೈಯೂ ಇದನ್ನು ಹೊರಗಿನದು ಅಂತ ಸುಲಭವಾಗಿ ಗುರುತಿಸುವುದಿಲ್ಲ, ಹಾಗಾಗಿ ಇದಕ್ಕೆ ಒಳ್ಳೆಯ ಆಂಟಿಬಾಡಿ ತಯಾರಾಗುವುದಿಲ್ಲ. ಅದಕ್ಕೇ ದನದ ಮೃದ್ವಸ್ಥಿಯಿಂದ ತೆಗೆದ, ಹಯಲುರೋನನ್‌ಗೆ ತಾನಾಗಿ ಅಂಟುವ ಪ್ರೋಟೀನ್ ಒಂದಕ್ಕೆ ಬಯೋಟಿನ್ ಎಂಬ ಗುರುತು ಸೇರಿಸಿ ಬಳಸುತ್ತೇವೆ. ಅದು ಕೂತ ಕಡೆ ಕಂದು ಬಣ್ಣ ಬರಬೇಕು. ನನಗೆ ಬರುತ್ತಿದ್ದದ್ದು ಚಹಾ ಚೆಲ್ಲಿದ ಕಲೆಯಂಥ ಮಬ್ಬು ಬಣ್ಣ. ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ.

ಒಂದು ಮಧ್ಯಾಹ್ನ ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಮೇಡಂ ಸ್ಲೈಡ್ ನೋಡಿದರು. "ಯಾವುದರಲ್ಲಿ ಫಿಕ್ಸ್ ಮಾಡಿದ್ದು?" ಅಂದರು. ಅಂಗಾಂಶ ಕೆಡದಂತೆ ಇದ್ದ ಹಾಗೇ ಹಿಡಿದಿಡುವುದಕ್ಕೆ ಫಿಕ್ಸ್ ಅನ್ನುತ್ತೇವೆ. ಮಾಮೂಲಿ ಫಾರ್ಮಲಿನ್ ಅಂದೆ. "ಬೆಂಡೆಕಾಯಿ ಹೆಚ್ಚಿದ ಮೇಲೆ ಯಾರಾದ್ರೂ ತೊಳೀತಾರೇನಪ್ಪಾ?" ಅಂದರು.

ಅಷ್ಟೇ ಸಾಕಾಯಿತು. ಫಾರ್ಮಲಿನ್‌ನಲ್ಲಿ ಬಹುಪಾಲು ನೀರು. ಪ್ರೋಟೀನನ್ನು ಅದು ಗಟ್ಟಿಯಾಗಿ ಹಿಡಿಯುತ್ತದೆ, ಈ ಸಕ್ಕರೆ ಸರವನ್ನು ಹಿಡಿಯುವುದಿಲ್ಲ. ಲೋಳೆ ಪೂರ್ತಿ ಹೋಗದಿದ್ದರೂ ಒಂದಷ್ಟು ತೊಳೆದು ಹೋಗುತ್ತದೆ, ಉಳಿದದ್ದು ಜಾಗ ಬಿಟ್ಟು ಹರಡುತ್ತದೆ. ಮುಂದಿನ ಸಲ 70 ಶೇಕಡಾ ಆಲ್ಕೋಹಾಲ್, 5 ಶೇಕಡಾ ಅಸಿಟಿಕ್ ಆಮ್ಲ, 3.7 ಶೇಕಡಾ ಫಾರ್ಮಾಲ್ಡಿಹೈಡ್ ಇರುವ ದ್ರಾವಣ ಬಳಸಿದೆ. ಆಲ್ಕೋಹಾಲ್‌ನಲ್ಲಿ ಹಯಲುರೋನನ್ ಕರಗದು, ಇದ್ದಲ್ಲೇ ಕೂರುತ್ತದೆ. ಬಣ್ಣ ಹಾಕುವ ಮೊದಲು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಅದ್ದುವುದನ್ನೂ ತಪ್ಪಿಸಲಿಲ್ಲ. ಶ್ವಾಸಕೋಶದ ತುಂಬ ಕೆಂಪು ರಕ್ತಕಣ, ಅವು ತಾವಾಗಿಯೇ ಕಂದು ಬಣ್ಣ ತಂದು ಮೋಸ ಮಾಡುತ್ತವೆ.

ಈ ಸಲ ಸಣ್ಣ ಶ್ವಾಸನಾಳಗಳ ಸುತ್ತ, ರಕ್ತನಾಳಗಳ ಸುತ್ತ ದಪ್ಪನೆಯ ಕಂದು ಪಟ್ಟಿ. ಸೋಂಕಿಲ್ಲದ ಇಲಿಯಲ್ಲಿ ತೆಳು ಗೆರೆ ಇದ್ದ ಕಡೆ ಇಲ್ಲಿ ಕಂಬಳಿ ಹೊದಿಸಿದ ಹಾಗಿತ್ತು. ನಂಬುವ ಮೊದಲು ಅದೇ ಸ್ಲೈಡಿನ ಪಕ್ಕದ ಸೆಕ್ಷನ್‌ಗೆ ಹಯಲುರೋನನ್ ಒಂದನ್ನೇ ಕತ್ತರಿಸುವ ಕಿಣ್ವ ಹಾಕಿ 37 ಡಿಗ್ರಿಯಲ್ಲಿ ಇಟ್ಟೆ. ಅಲ್ಲಿ ಕಂದು ಬಣ್ಣ ಪೂರ್ತಿ ಮಾಯ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದೇ ಇದು. ಆ ಕಿಣ್ವದ ಸೆಕ್ಷನ್ ಪಕ್ಕದಲ್ಲಿ ಇಲ್ಲದೆ ಯಾವ ಕಂದು ಬಣ್ಣವನ್ನೂ ನಂಬಬೇಡಿ.

ಆಮೇಲೆ ಬದುಕಿರುವ ಕೋಶಗಳಲ್ಲಿ ಈ ಲೋಳೆಯನ್ನು ನೋಡುವ ಆಸೆ ಹುಟ್ಟಿತು. ಲೋಳೆಗೆ ಬಣ್ಣವಿಲ್ಲ, ಸೂಕ್ಷ್ಮದರ್ಶಕದಲ್ಲಿ ಕಾಣುವುದಿಲ್ಲ. ಅದಕ್ಕೆ ಹಳೆಯದೊಂದು ಉಪಾಯವಿದೆ. ಫಿಕ್ಸ್ ಮಾಡಿದ ಕೆಂಪು ರಕ್ತಕಣಗಳನ್ನು ತಟ್ಟೆಗೆ ಸುರಿದು ಹತ್ತು ಹದಿನೈದು ನಿಮಿಷ ಸುಮ್ನೆ ಬಿಡಬೇಕು. ಕಣಗಳು ತಳಕ್ಕೆ ಇಳಿಯುತ್ತವೆ, ಆದರೆ ಕೋಶದ ಮೈ ಮುಟ್ಟಲು ಆಗುವುದಿಲ್ಲ. ಸುತ್ತ ಒಂದು ಖಾಲಿ ಉಂಗುರ ಉಳಿಯುತ್ತದೆ. ಕಾಮಕಸ್ತೂರಿ ಬೀಜ ನೆನೆಸಿದಾಗ ಕಪ್ಪು ಕಾಳಿನ ಸುತ್ತ ಗಾಜಿನಂಥ ಲೋಳೆ ಉಬ್ಬುತ್ತದಲ್ಲ, ಥೇಟ್ ಹಾಗೇ. ನಾನು ನೋಡುತ್ತಿರುವಾಗಲೇ ತಟ್ಟೆಗೆ ಕಿಣ್ವ ಹಾಕಿದೆ. ಸ್ವಲ್ಪ ಹೊತ್ತಿಗೆ ರಕ್ತಕಣಗಳು ಮೆಲ್ಲಗೆ ಸರಿದು ಕೋಶದ ಅಂಚಿಗೇ ಬಂದು ಕೂತವು. ಆ ದಿನ ಊಟದ ಹೊತ್ತು ಮೀರಿದ್ದೇ ಗೊತ್ತಾಗಲಿಲ್ಲ.

ಇನ್ನು ವೈರಸ್ಸಿನ ಪಾತ್ರ. ನಮ್ಮಲ್ಲಿ ಬದುಕಿರುವ ವೈರಸ್ ಬಳಸುವ ವ್ಯವಸ್ಥೆ ಇರಲಿಲ್ಲ. ಪಾಲಿ ಐಸಿ ಅನ್ನುವ ಕೃತಕ ಆರ್‌ಎನ್‌ಎ ಬಳಸಿದೆವು. ಅದು ಸಿಕ್ಕರೆ ಕೋಶ ವೈರಸ್ ಬಂತು ಅಂತಲೇ ತಿಳಿಯುತ್ತದೆ. 1999ರಲ್ಲಿ ಕ್ಲೀವ್‌ಲ್ಯಾಂಡಿನ ತಂಡವೊಂದು ಕರುಳಿನ ಸ್ನಾಯುಕೋಶಗಳಿಗೆ ಇದನ್ನು ಕೊಟ್ಟಾಗ ಬಿಳಿ ರಕ್ತಕಣಗಳು ಅಲ್ಲಿನ ಹಯಲುರೋನನ್‌ಗೇ ಬಂದು ಅಂಟುತ್ತವೆ ಅಂತ ತೋರಿಸಿತ್ತು. ನಮ್ಮ ಶ್ವಾಸಕೋಶದ ಕೋಶಗಳಲ್ಲೂ ಒಂದು ದಿನ ಕಳೆಯುವ ಹೊತ್ತಿಗೆ ಹಯಲುರೋನನ್‌ನ ಉದ್ದುದ್ದ ಎಳೆಗಳು ಎದ್ದವು. ಹಸಿರು ಬಣ್ಣ ತುಂಬಿದ ಬಿಳಿ ರಕ್ತಕಣಗಳನ್ನು ಬಿಟ್ಟು 4 ಡಿಗ್ರಿಯಲ್ಲಿ ಇಟ್ಟು ತೊಳೆದರೆ, ಎಳೆಗಳಗುಂಟ ಅವು ಸಾಲಾಗಿ ಉಳಿದುಕೊಂಡಿದ್ದವು. ಕಿಣ್ವ ಹಾಕಿದರೆ ಬಿಟ್ಟುಹೋದವು. ವೈರಸ್ಸಿಗೆ ಉತ್ತರವಾಗಿ ನಮ್ಮ ಮೈಯೇ ಹಾಸುವ ಹಾಸಿಗೆ ಅದು.

ಲೋಳೆ ತಯಾರಾಗುವುದನ್ನೇ ತಡೆಯಲು 4-ಎಂಯು ಅನ್ನುವ ಔಷಧ ಕೊಟ್ಟೆವು. ಯುರೋಪಿನಲ್ಲಿ ಪಿತ್ತನಾಳದ ಸೆಳೆತಕ್ಕೆ ಇದನ್ನೇ ಹೈಮೆಕ್ರೋಮೋನ್ ಎಂಬ ಹೆಸರಲ್ಲಿ ಕೊಡುತ್ತಾರೆ. ಮೊದಲ ಸಲ ಪಾಲಿ ಐಸಿ ಜೊತೆಗೇ ಹಾಕಿ ಏನೂ ಆಗಲಿಲ್ಲ ಅಂತ ಬೇಸರಪಟ್ಟೆ. ಹಿಂದಿನ ದಿನವೇ ಹಾಕಿದ ಮೇಲೆ ಎಳೆಗಳು ಕಡಿಮೆಯಾದವು. ಇನ್ನೊಂದು ವಿಷಯ. ಈ ಔಷಧ ತಾನೇ ನೀಲಿಯಾಗಿ ಹೊಳೆಯುತ್ತದೆ. ಕೋಶಕೇಂದ್ರಕ್ಕೆ ನೀಲಿ ಬಣ್ಣ ಹಾಕುವವರು ಚೆನ್ನಾಗಿ ತೊಳೆಯಬೇಕು.

ಹಾಗಂತ ಈ ವಸ್ತುಗಳೆಲ್ಲ ಶತ್ರುಗಳಲ್ಲ. ನನಗೆ ಇದು ಅರ್ಥವಾಗಲು ತಡವಾಯಿತು. ಹಯಲುರೋನನ್ ಜೊತೆ ವರ್ಸಿಕನ್ ಅಂತ ಇನ್ನೊಂದು ದೊಡ್ಡ ಅಣು ಸೇರಿಕೊಂಡಿರುತ್ತದೆ. ಅದನ್ನು ಕತ್ತರಿಸುವ ಮುಖ್ಯ ಕಿಣ್ವಗಳು ಎಡಿಎಎಂಟಿಎಸ್ ಎಂಬ ಒಂದೇ ಮನೆತನದವು. 2016ರ ಕೆಲಸವೊಂದರಲ್ಲಿ ಎಡಿಎಎಂಟಿಎಸ್5 ಇಲ್ಲದ ಇಲಿಗಳಿಗೆ ಫ್ಲೂ ಇನ್ನೂ ಜೋರಾಗಿ ಬಂತು. ವರ್ಸಿಕನ್ ಕತ್ತರಿಸುವವರಿಲ್ಲದೆ, ವೈರಸ್ ವಿರುದ್ಧ ಹೋರಾಡುವ ಟಿ ಕೋಶಗಳು ದುಗ್ಧಗ್ರಂಥಿಯಿಂದ ಶ್ವಾಸಕೋಶಕ್ಕೆ ಸರಿಯಾಗಿ ಹೋಗಲಿಲ್ಲ. 2020ರ ಇನ್ನೊಂದು ಕೆಲಸದಲ್ಲಿ ಅದರ ದಾಯಾದಿ ಎಡಿಎಎಂಟಿಎಸ್4 ಜಾಸ್ತಿ ಇದ್ದ ಫ್ಲೂ ರೋಗಿಗಳಿಗೇ ಕಾಯಿಲೆ ಬಿಗಡಾಯಿಸಿತ್ತು. ಕತ್ತರಿ ಇಲ್ಲದಿದ್ದರೂ ತೊಂದರೆ, ಅತಿಯಾದರೂ ತೊಂದರೆ. ಯಾವ ಕತ್ತರಿ, ಎಲ್ಲಿ, ಎಷ್ಟು ಅನ್ನುವುದನ್ನು ನೋಡದೆ ಔಷಧದ ಮಾತಾಡಬಾರದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಅಕ್ಕನ ಪ್ರಶ್ನೆಗೆ ಹತ್ತಿರದ ಉತ್ತರ ಸಿಕ್ಕಿದ್ದು ಮ್ಯಾಂಚೆಸ್ಟರಿನ ತಂಡ 2019ರಲ್ಲಿ ಮಾಡಿದ ಕೆಲಸದಲ್ಲಿ. ಫ್ಲೂ ಬಂದ ಇಲಿಗಳಲ್ಲಿ ವೈರಸ್ ಹೋದ ಮೇಲೂ ಹಯಲುರೋನನ್ ತಯಾರಿ ನಿಂತಿರಲಿಲ್ಲ, ಉಸಿರಾಟವೂ ಸುಧಾರಿಸಿರಲಿಲ್ಲ. ಮೂಗಿನ ಮೂಲಕ ಕಿಣ್ವ ಕೊಟ್ಟಾಗ ಉಸಿರಾಟ ಸುಧಾರಿಸಿತು. ಮರುವರ್ಷ ಸ್ವೀಡನ್ನಿನ ಉಮಿಯೋದಲ್ಲಿ ಕೋವಿಡ್‌ನಿಂದ ತೀರಿಕೊಂಡವರ ಗಾಳಿಚೀಲಗಳಲ್ಲಿ ಇದೇ ಲೋಳೆ ತುಂಬಿದ್ದು ಕಂಡಿತು. ಅಲ್ಲೂ ನಾವು ಬಳಸುವಂಥದ್ದೇ ಅಂಟುವ ಪ್ರೋಟೀನ್, ಅದೇ ಕಂದು ಬಣ್ಣ. ಆ ಚಿತ್ರ ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಸ್ಲೈಡಿನ ಆ ಕಡೆ ಒಬ್ಬ ಮನುಷ್ಯ ಇದ್ದ, ಅಲ್ವಾ?

ಅಕ್ಕನಿಗೆ ಫೋನಿನಲ್ಲಿ ಹೇಳಿದೆ. "ಇದು ಇಲಿಯಲ್ಲಿ ಕಂಡದ್ದಕ್ಕಾ, ಅದೂ ಬೇರೆ ವೈರಸ್. ಮಗೂದು ಹಿಂಗೇ ಅಂತ ನಾನು ಹೇಳಕ್ಕಾಗಲ್ಲ. ಆದ್ರೆ ವೈರಸ್ ಹೋದ ದಿನವೇ ಶ್ವಾಸಕೋಶ ಮೊದಲಿನ ಹಾಗಾಗಲ್ಲ ಅನ್ನೋದು ನಿಜ." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಾನು ಏನೂ ತಪ್ಪು ಮಾಡಿಲ್ಲ ಅಲ್ವಾ?" ಅಂದಳು. ಇಲ್ಲ ಅಂದೆ. ಅವಳ ಮನಸ್ಸಿನಲ್ಲಿ ಇಷ್ಟು ದಿನ ಇದ್ದದ್ದು ಆ ಪ್ರಶ್ನೆ ಅಂತ ನನಗೆ ಆಗಲೇ ಗೊತ್ತಾಗಿದ್ದು.

ಈಗ ನಾನು ನೋಡುತ್ತಿರುವುದು ಸರದ ಉದ್ದ. ಉದ್ದನೆಯ ಹಯಲುರೋನನ್ ಉರಿಯೂತವನ್ನು ಸಮಾಧಾನ ಮಾಡುತ್ತದೆ, ತುಂಡಾದದ್ದು ಕೆರಳಿಸುತ್ತದೆ. ಎಷ್ಟಿದೆ ಅಂತ ಅಳೆದರೆ ಅರ್ಧ ಉತ್ತರವಷ್ಟೇ. ಉದ್ದದ ಪ್ರಕಾರ ಬೇರ್ಪಡಿಸಲು ಅದನ್ನು ಅಗರೋಸ್ ಜೆಲ್‌ನಲ್ಲಿ ವಿದ್ಯುತ್ತಿನಿಂದ ಓಡಿಸಿ, ಆ ಜೆಲ್ಲನ್ನು ಸ್ಟೇನ್ಸ್-ಆಲ್ ಬಣ್ಣದಲ್ಲಿ ರಾತ್ರಿಯಿಡೀ ನೆನೆಸಬೇಕು. ಬೆಳಕು ಬಿದ್ದರೆ ಆ ಬಣ್ಣ ಹಾಳು. ಪಾಲಿ ಐಸಿ ಕೊಟ್ಟ ಕೋಶಗಳ ಮೊದಲ ಜೆಲ್ ಫಾಯಿಲ್ ಸುತ್ತಿದ ಡಬ್ಬಿಯಲ್ಲಿದೆ. ಬೆಳಿಗ್ಗೆ ಬೇಗ ಹೋಗಿ ತೆಗೀಬೇಕು.